ಸ್ಪೋರ್ಟ್ ಟೂರಿಂಗ್ ಬೈಕಿಗೆ ನಿಜಕ್ಕೂ ಎಷ್ಟು ಪವರ್ ಬೇಕು?

ದೂರದಾರಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು.

ನನ್ನದು 650 ಸಿಸಿಯ ಪ್ಯಾರಲಲ್ ಟ್ವಿನ್, ಅಂದರೆ ಅಕ್ಕಪಕ್ಕ ಎರಡು ಸಿಲಿಂಡರಿನದು. ಕಾಗದದ ಮೇಲೆ 68 ಪಿಎಸ್ (ಮೆಟ್ರಿಕ್ ಹಾರ್ಸ್‌ಪವರ್). ಒಬ್ಬನೇ ಹೋಗುವಾಗ ಯಾವ ದೂರೂ ಇಲ್ಲ. ಹೆಂಡತಿ ಹಿಂದೆ ಕೂತು, ಎರಡೂ ಪಕ್ಕದ ಡಬ್ಬಿ ತುಂಬಿ, ಮೇಲೊಂದು ಟಾಪ್ ಬಾಕ್ಸ್ ಹಾಕಿಕೊಂಡು ಏರು ರಸ್ತೆ ಹತ್ತುವಾಗ ಮಾತ್ರ ಗಾಡಿಗೆ ದಮ್ ಸಾಲದು ಅನ್ನಿಸುತ್ತದೆ. ಮುಂದೆ ಒಂದು ಉದ್ದನೆಯ ಟ್ರಕ್ ಸಿಕ್ಕರೆ ಟಾಪ್ ಗೇರಿನಲ್ಲಿ ಎಷ್ಟು ತಿರುಚಿದರೂ ಸ್ಪೀಡ್ ಏರುವುದೇ ಇಲ್ಲ. ಒಂದು ಗೇರ್ ಇಳಿಸಿದರೂ ಸಾಲದು, ಇನ್ನೊಂದು ಇಳಿಸಬೇಕು. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಗಾಡಿ ಬಂದಿರುತ್ತದೆ.

ಗೆಳೆಯರಲ್ಲಿ ಅರ್ಧ ಜನ 150 ಪಿಎಸ್‌ಗಿಂತ ಕಮ್ಮಿ ನೋಡಲೇಬೇಡ ಅನ್ನುತ್ತಾರೆ. ಉಳಿದರ್ಧ ಜನ ನಿನಗೆ ಓಡಿಸಲು ಬರುವುದಿಲ್ಲ, ಇರುವ ಬೈಕೇ ಸಾಕು ಅನ್ನುತ್ತಾರೆ. ಇಲ್ಲಿ ಯಾರಾದರೂ ಲೆಕ್ಕ ಹಾಕಿ ಹೇಳುತ್ತೀರಾ? "ಎಲ್ಲಾ ನಿಮ್ಮ ಇಷ್ಟಕ್ಕೆ ಬಿಟ್ಟಿದ್ದು" ಅಂತ ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ ದಯವಿಟ್ಟು.

ಫುಲ್‌ಥ್ರಾಟಲ್

ಇದರಲ್ಲಿ ಲೆಕ್ಕ ಏನಿದೆ ಗುರು? ಜಾಸ್ತಿ ಇದ್ದಷ್ಟೂ ಒಳ್ಳೆಯದು. ಪವರ್ ಇದೆ ಅಂದಮಾತ್ರಕ್ಕೆ ಪೂರ್ತಿ ಬಳಸಬೇಕು ಅಂತೇನಿಲ್ಲ. ಆದರೆ ಬೇಕಾದಾಗ ಇಲ್ಲ ಅಂದರೆ ಏನು ಮಾಡುತ್ತೀರಿ? ಕವಾಸಾಕಿ 1400 ಜಿಟಿಆರ್‌ಗೆ 155 ಪಿಎಸ್, ಬಿಎಂಡಬ್ಲ್ಯೂ ಕೆ1600 ಜಿಟಿಗೆ 160, ಸುಜುಕಿ ಜಿಎಸ್‌ಎಕ್ಸ್-ಎಸ್1000ಜಿಟಿಗೆ 152. ನಿಂಜಾ ಎಚ್2 ಎಸ್‌ಎಕ್ಸ್ ಅಂತೂ ಸೂಪರ್‌ಚಾರ್ಜರ್ ಹಾಕಿಕೊಂಡು 200 ಮುಟ್ಟಿದೆ. ಈ ಕಂಪನಿಗಳಿಗೆಲ್ಲ ತಲೆ ಇಲ್ಲವಾ?

ಸ್ಪ್ಯಾನರ್

ಕಂಪನಿಗಳಿಗೆ ತಲೆ ಇದೆ, ಬ್ರೋಷರ್‌ನಲ್ಲಿ ದೊಡ್ಡ ಸಂಖ್ಯೆ ಬೇಕು ಅನ್ನುವುದೂ ಅವರಿಗೆ ಗೊತ್ತಿದೆ.

ದೂರದಾರಿಯವರೇ, ಲೆಕ್ಕ ಕೇಳಿದಿರಲ್ಲ, ಕೊಡುತ್ತೇನೆ. ಮೊದಲು ಒಂದೇ ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಓಡುವುದನ್ನು ನೋಡೋಣ. ಅಲ್ಲಿ ಎಂಜಿನ್ನಿಗೆ ಎರಡೇ ಕೆಲಸ: ಗಾಳಿಯನ್ನು ಸೀಳುವುದು, ಟೈರನ್ನು ಉರುಳಿಸುವುದು. ಗಾಳಿ ತಡೆಗೆ ಬೇಕಾದ ಪವರ್ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಪವರ್ ಎಂಟು ಪಟ್ಟು ಬೇಕು.

ಇಬ್ಬರು ಸವಾರರು, ಲಗೇಜು, ಪೆಟ್ರೋಲು ಎಲ್ಲಾ ಸೇರಿ ಒಟ್ಟು 450 ಕಿಲೋ ಅಂತ ಇಟ್ಟುಕೊಂಡಿದ್ದೇನೆ. ಫೇರಿಂಗ್ (ಗಾಳಿ ತಡೆಯುವ ಮುಂದಿನ ಹೊದಿಕೆ) ಇದೆ, ಪಕ್ಕದ ಡಬ್ಬಿಗಳೂ ಇವೆ, ಹಾಗಾಗಿ ಡ್ರ್ಯಾಗ್ ಏರಿಯಾ, ಅಂದರೆ ಆಕಾರ ಮತ್ತು ಗಾತ್ರ ಸೇರಿ ಗಾಳಿಗೆ ಒಡ್ಡುವ ತಡೆಯ ಅಳತೆ, 0.5 ಚದರ ಮೀಟರ್. ಚೈನು, ಗೇರ್‌ಬಾಕ್ಸಿನಲ್ಲಿ ಹತ್ತು ಪರ್ಸೆಂಟ್ ನಷ್ಟ. ಹೀಗೆ ಲೆಕ್ಕ ಹಾಕಿದರೆ ಎಂಜಿನ್ ಕೊಡಬೇಕಾದದ್ದು ಸುಮಾರು ಇಷ್ಟು:

ಗಂಟೆಗೆ 100 ಕಿ.ಮೀ. ವೇಗಕ್ಕೆ 13 ಪಿಎಸ್
120ಕ್ಕೆ 21
160ಕ್ಕೆ 46
200ಕ್ಕೆ 85

ಅಂದರೆ 120ರಲ್ಲಿ ದಿನವಿಡೀ ಓಡಿಸಿದರೂ ನಿಮ್ಮ 68 ಪಿಎಸ್‌ನಲ್ಲಿ ಮೂರನೇ ಒಂದು ಭಾಗ ಕೂಡ ಖರ್ಚಾಗುವುದಿಲ್ಲ. 150 ಪಿಎಸ್ ಗಾಡಿ ತಗೊಂಡರೂ ಅದೇ 21 ಪಿಎಸ್ ಬಳಸುತ್ತೀರಿ. ಮಿಕ್ಕಿದ್ದು ಸುಮ್ನೆ ಕೂತಿರುತ್ತದೆ.

ಫುಲ್‌ಥ್ರಾಟಲ್

ಸಾರ್, ಅವರು ಕೇಳಿದ್ದು ಕ್ರೂಸಿಂಗ್ ಬಗ್ಗೆ ಅಲ್ಲವೇ ಅಲ್ಲ. ಓವರ್‌ಟೇಕ್ ಬಗ್ಗೆ. ಏರಿನಲ್ಲಿ. ಇಬ್ಬರು ಕೂತಾಗ. ಸಮತಟ್ಟು ರಸ್ತೆಯಲ್ಲಿ ಒಂದೇ ಸ್ಪೀಡಿನಲ್ಲಿ ಹೋಗಲು ಸ್ಕೂಟರ್ ಸಾಕು, ಅದು ಯಾರಿಗೆ ಗೊತ್ತಿಲ್ಲ?

ಸ್ಪ್ಯಾನರ್

ಸರಿ, ಓವರ್‌ಟೇಕ್‌ಗೇ ಬರೋಣ. ಇದು ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಟ್ರಕ್ 80ರಲ್ಲಿ ಹೋಗುತ್ತಿದೆ. ನೀವೂ ಅದರ ಹಿಂದೆ 80ರಲ್ಲೇ ಇದ್ದೀರಿ. 120ರ ತನಕ ಏರಿಸಿ, ದಾಟಿ, ಮುಂದೆ ಸೇರಿಕೊಳ್ಳಬೇಕು. ಟ್ರಕ್ಕಿನ ಉದ್ದ, ಹಿಂದಿನ ಅಂತರ, ಮುಂದಿನ ಅಂತರ ಎಲ್ಲಾ ಸೇರಿ ಅದಕ್ಕಿಂತ 50 ಮೀಟರ್ ಜಾಸ್ತಿ ಕ್ರಮಿಸಬೇಕು ಅಂತ ಇಟ್ಟುಕೊಳ್ಳಿ. ಒಟ್ಟು ತೂಕ ಅದೇ 450 ಕಿಲೋ, ರಸ್ತೆ ಸಮತಟ್ಟು.

80ರಿಂದ 120ಕ್ಕೆ ಆರು ಸೆಕೆಂಡ್ ತಗೊಂಡರೆ ಆ ಹೊತ್ತಿನಲ್ಲಿ ಸರಾಸರಿ 50 ಪಿಎಸ್‌ನಷ್ಟು ಬೇಕು. ಟ್ರಕ್ ದಾಟಿ ಮುಗಿಸಲು ಒಟ್ಟು 7.5 ಸೆಕೆಂಡ್ ಹಿಡಿಯುತ್ತದೆ.

ನಾಲ್ಕು ಸೆಕೆಂಡಿನಲ್ಲಿ ಏರಿಸಬೇಕಾದರೆ ಸುಮಾರು 66 ಪಿಎಸ್. ಒಟ್ಟು 6.5 ಸೆಕೆಂಡ್.

ಮೂರು ಸೆಕೆಂಡಿಗೆ ಸುಮಾರು 83 ಪಿಎಸ್. ಒಟ್ಟು 6 ಸೆಕೆಂಡ್.

ಈಗ ಫುಲ್‌ಥ್ರಾಟಲ್ ಅವರು ಹೇಳುವಂಥ 150 ಪಿಎಸ್ ಗಾಡಿ. ಒಂದೂವರೆ ಸೆಕೆಂಡಿನಲ್ಲಿ 40 ಕಿ.ಮೀ. ಏರಿಸಲು 153 ಪಿಎಸ್ ಬೇಕು. ಅದೂ ಆ ಒಂದೂವರೆ ಸೆಕೆಂಡ್ ಪೂರ್ತಿ ಎಂಜಿನ್ ತನ್ನ ತುತ್ತತುದಿಯಲ್ಲೇ ಇರಬೇಕು. ಮುಂದಿನ ಚಕ್ರ ನೆಲ ಬಿಡಲು ನೋಡುತ್ತಿರುತ್ತದೆ, ಹಿಂದೆ ಕೂತವರು ನಿಮ್ಮ ಜಾಕೆಟ್ ಹರಿಯುವ ಹಾಗೆ ಹಿಡಿದಿರುತ್ತಾರೆ. ಇಷ್ಟೆಲ್ಲಾ ಮಾಡಿದ ಮೇಲೆ ಒಟ್ಟು ಸಮಯ 5.25 ಸೆಕೆಂಡ್.

50ರಿಂದ 83ಕ್ಕೆ ಹೋದಾಗ ಒಂದೂವರೆ ಸೆಕೆಂಡ್ ಉಳಿಯಿತು. ಅದು ದೊಡ್ಡದು. ಎದುರಿನಿಂದ 80ರಲ್ಲಿ ಬರುವ ಗಾಡಿ ಒಂದೂವರೆ ಸೆಕೆಂಡಿನಲ್ಲಿ 33 ಮೀಟರ್ ಹತ್ತಿರ ಬಂದಿರುತ್ತದೆ. ಆದರೆ 83ರಿಂದ 153ಕ್ಕೆ ಹೋದರೆ ಉಳಿಯುವುದು ಮುಕ್ಕಾಲು ಸೆಕೆಂಡ್ ಮಾತ್ರ.

ಎ2ಸವಾರ

ನಾನು ಯುರೋಪಿನ ಎ2 ಲೈಸೆನ್ಸಿನಲ್ಲಿ ಓಡಿಸುವವನು. ಮಿತಿ 35 ಕಿಲೋವ್ಯಾಟ್, ಅಂದರೆ 48 ಪಿಎಸ್ ಹತ್ತಿರ. ಒಬ್ಬನೇ, ಹಗುರ ಲಗೇಜು. ದಿನಕ್ಕೆ ಐನೂರು ಕಿಲೋಮೀಟರ್ ಆರಾಮಾಗಿ ಹೋಗುತ್ತೇನೆ. ಓವರ್‌ಟೇಕ್‌ಗೆ ಮುಂಚೆಯೇ ಯೋಚಿಸಬೇಕು, ಅಷ್ಟೇ. ಇಬ್ಬರಿಗೆ ಇದು ಸಾಲುತ್ತದೆ ಅಂತ ನಾನು ಹೇಳುವುದಿಲ್ಲ.

ದೂರದಾರಿ

ಸ್ಪ್ಯಾನರ್ ಸಾರ್, ಒಂದು ಅನುಮಾನ. ನಿಮ್ಮ ಲೆಕ್ಕದ ಪ್ರಕಾರ ನನ್ನ 68 ಪಿಎಸ್ ಗಾಡಿ ನಾಲ್ಕು ಸೆಕೆಂಡಿನಲ್ಲಿ 80ರಿಂದ 120 ಮುಟ್ಟಬೇಕು. ಅದಂತೂ ಖಂಡಿತ ಆಗುತ್ತಿಲ್ಲ. ಹಾಗಾದರೆ ಆ ಪವರ್ ಎಲ್ಲಿ ಹೋಯಿತು?

ಸ್ಪ್ಯಾನರ್

ಎಲ್ಲೂ ಹೋಗಿಲ್ಲ, ಮೇಲಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕೂತಿದೆ. ನೀವು ಅಲ್ಲಿಗೆ ಹೋಗುತ್ತಿಲ್ಲ.

ಪವರ್ ಅಂದರೆ ಟಾರ್ಕ್ (ಎಂಜಿನ್ ತಿರುಚುವ ಬಲ) ಮತ್ತು ಆರ್‌ಪಿಎಂ ಎರಡರ ಗುಣಲಬ್ಧ. ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಅದನ್ನು 1.36ರಿಂದ ಗುಣಿಸಿದರೆ ಪಿಎಸ್.

650 ಟ್ವಿನ್ ಟಾಪ್ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ಹೆಚ್ಚುಕಮ್ಮಿ 3,700 ಆರ್‌ಪಿಎಂ ತಿರುಗುತ್ತದೆ. ಅಲ್ಲಿ ಟಾರ್ಕ್ 50 ನ್ಯೂಟನ್ ಮೀಟರ್ ಅಂದುಕೊಂಡರೂ ಸಿಗುವುದು 26 ಪಿಎಸ್. ಪೂರ್ತಿ ಥ್ರಾಟಲ್ ತಿರುಚಿದ ಮೇಲೂ ಅಷ್ಟೇ. 80ರಲ್ಲಿ ಓಡುತ್ತಿರಲು 8 ಪಿಎಸ್ ಬೇಕು. ಶೇಕಡಾ 6ರ ಏರಿದ್ದರೆ ಅದಕ್ಕೇ ಇನ್ನೊಂದು 9. ಉಳಿದದ್ದು ಎಷ್ಟು? 9 ಪಿಎಸ್. 450 ಕಿಲೋಗೆ 9 ಪಿಎಸ್ ಅಂದರೆ ಗಾಡಿ ಮಲಗಿದ ಹಾಗೆಯೇ ಅನ್ನಿಸುತ್ತದೆ, ಅದರಲ್ಲಿ ಆಶ್ಚರ್ಯ ಇಲ್ಲ.

ಎರಡು ಗೇರ್ ಇಳಿಸಿ. 4,900 ಆರ್‌ಪಿಎಂ, ಸುಮಾರು 42 ಪಿಎಸ್. ಉಳಿಯುವುದು 25. ಈಗ ಸ್ವಲ್ಪ ಜೀವ ಬಂತು.

ಮೂರು ಇಳಿಸಿ, ಮೂರನೇ ಗೇರಿಗೆ ಬನ್ನಿ. 5,900 ಆರ್‌ಪಿಎಂ, 50ಕ್ಕಿಂತ ಮೇಲೆ ಪಿಎಸ್. ಅಲ್ಲಿಂದ 120 ಮುಟ್ಟುವಾಗ 8,800ರ ಹತ್ತಿರ ಇರುತ್ತೀರಿ, ದಾರಿಯಲ್ಲಿ ಎಂಜಿನ್ನಿನ ಪೂರ್ತಿ ಪವರ್ ಸಿಕ್ಕಿರುತ್ತದೆ. ಜೋರಾಗಿ ಕೂಗುತ್ತದೆ, ಹೌದು. ಆದರೆ ಕೂಗಲಿಕ್ಕೇ ಅದನ್ನು ಮಾಡಿರುವುದು. ರೆಡ್‌ಲೈನ್ (ಎಂಜಿನ್ ತಿರುಗಬಹುದಾದ ಗರಿಷ್ಠ ಮಿತಿ) ಇನ್ನೂ ಮೇಲಿದೆ. ಎಂಜಿನ್ ಬಿಸಿಯಾಗಿದ್ದು ಆಯಿಲ್ ಸರಿ ಇದ್ದರೆ ಏನೂ ಆಗುವುದಿಲ್ಲ.

ಹಾಗಾಗಿ ನೀವು ಕೇಳಬೇಕಾದದ್ದು ಗಾಡಿಯಲ್ಲಿ ಒಟ್ಟು ಎಷ್ಟು ಪವರ್ ಇದೆ ಅಂತ ಅಲ್ಲ. ಗೇರ್ ಮುಟ್ಟದೆ, ನಾನು ಸಾಮಾನ್ಯವಾಗಿ ಓಡಿಸುವ ಆರ್‌ಪಿಎಂನಲ್ಲಿ, ಕೈಗೆ ತಕ್ಷಣ ಎಷ್ಟು ಸಿಗುತ್ತದೆ ಅಂತ. ದೊಡ್ಡ ಟೂರರ್ ತಗೊಳ್ಳುವವರು ನಿಜಕ್ಕೂ ದುಡ್ಡು ಕೊಡುವುದು ಇದಕ್ಕೇ.

ಹಿಂದಿನಸೀಟು

ನಾನು ಓಡಿಸುವವಳಲ್ಲ, ಹಿಂದೆ ಕೂರುವವಳು. ನಮ್ಮ ಮಾತನ್ನೂ ಸ್ವಲ್ಪ ಕೇಳಿ.

ಯಜಮಾನರ ಹಳೆಯ ಬೈಕು ಲೀಟರ್ ಕ್ಲಾಸಿನದು (ಸುಮಾರು 1,000 ಸಿಸಿ), ಸ್ಪೋರ್ಟ್ಸ್ ಬೈಕಿನ ಎಂಜಿನ್ನನ್ನೇ ಟ್ಯೂನ್ ಮಾಡಿ ಹಾಕಿದ್ದು. ಪವರ್ ಏನೋ ಬೇಕಾದಷ್ಟಿತ್ತು. ಆದರೆ ಥ್ರಾಟಲ್ ಸ್ವಲ್ಪ ಮುಚ್ಚಿ ಮತ್ತೆ ತೆರೆದಾಗಲೆಲ್ಲ ಒಂದು ಜರ್ಕ್. ಪ್ರತಿ ಜರ್ಕಿಗೂ ನನ್ನ ಹೆಲ್ಮೆಟ್ಟು ಅವರ ಹೆಲ್ಮೆಟ್ಟಿಗೆ ಟಕ್ ಅಂತ ಬಡಿಯುತ್ತಿತ್ತು. ತಿರುವುಗಳ ರಸ್ತೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನನ್ನ ಕುತ್ತಿಗೆ ಹಿಡಿದುಕೊಂಡಿರುತ್ತಿತ್ತು.

ಈಗಿನದು ಅದಕ್ಕಿಂತ ಕಮ್ಮಿ ಪವರಿನ ದೊಡ್ಡ ಟ್ವಿನ್. ಓವರ್‌ಟೇಕ್ ಮಾಡುವಾಗ ಗಾಡಿ ತಳ್ಳುವುದು ಗೊತ್ತಾಗುತ್ತದೆ, ಆದರೆ ಒದೆಯುವುದಿಲ್ಲ. ಮೂರು ಸೆಕೆಂಡೋ ನಾಲ್ಕು ಸೆಕೆಂಡೋ ನನಗೆ ಲೆಕ್ಕ ಇಲ್ಲ. ಯಾವಾಗ ಎಳೆತ ಶುರುವಾಗುತ್ತದೆ ಅಂತ ಮೊದಲೇ ಗೊತ್ತಾದರೆ ನಾನು ಮೈ ಬಿಗಿ ಮಾಡಿಕೊಳ್ಳುತ್ತೇನೆ, ಅಷ್ಟು ಸಾಕು. ಟಾಪ್ ಬಾಕ್ಸಿಗೆ ಬೆನ್ನು ಆನಿಸಲು ಒಂದು ಪ್ಯಾಡ್ ಹಾಕಿಸಿ. 30 ಪಿಎಸ್‌ಗಿಂತ ಅದು ಮೇಲು.

ದೂರದಾರಿ

ಅಕ್ಕಾ, ಇದನ್ನು ಮನೆಯಲ್ಲಿ ಓದಿ ಹೇಳಿದೆ. "ಇವರನ್ನು ಮೊದಲೇ ಕೇಳಬೇಕಿತ್ತು" ಅಂತ ಉತ್ತರ ಬಂತು.

ಹಳೇವಿ4

ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ, ಬೇಜಾರಾದರೆ ಕೆಳಗೆ ಹೋಗಿ.

1976ರಲ್ಲಿ ಬಿಎಂಡಬ್ಲ್ಯೂ ಆರ್100ಆರ್‌ಎಸ್ ಬಂದಾಗ ಅದಕ್ಕಿದ್ದದ್ದು 70 ಪಿಎಸ್. ನಮ್ಮ ದೂರದಾರಿಯವರ 650ಗೆ ಎರಡೇ ಎರಡು ಜಾಸ್ತಿ. ಆದರೆ ವಿಂಡ್ ಟನಲ್‌ನಲ್ಲಿ ಇಟ್ಟು ರೂಪಿಸಿದ ಪೂರ್ತಿ ಫೇರಿಂಗ್ ಇತ್ತು. ಸವಾರನ ಎದೆಗೆ ಗಾಳಿ ಹೊಡೆಯದ ಹಾಗೆ ಮಾಡಿದ್ದೇ ಅದರ ದೊಡ್ಡ ಸಾಧನೆ. ಜನ ಅದರಲ್ಲಿ ದೇಶ ದೇಶ ಸುತ್ತಿದರು.

1990ರಲ್ಲಿ ಹೋಂಡಾ ಎಸ್‌ಟಿ1100 ಪ್ಯಾನ್ ಯುರೋಪಿಯನ್ ಬಂತು. 1,084 ಸಿಸಿಯ ವಿ4 (ವಿ ಆಕಾರದಲ್ಲಿ ನಾಲ್ಕು ಸಿಲಿಂಡರ್), ಪವರ್ ಹತ್ತಿರ ಹತ್ತಿರ 100 ಪಿಎಸ್, 28 ಲೀಟರಿನ ಟ್ಯಾಂಕು. ಗಾಡಿಯ ತೂಕವೇ 300 ಕಿಲೋಗೆ ಮೇಲೆ. ಆದರೂ ಪವರ್ ಸಾಲದು ಅಂತ ಅದನ್ನು ಮಾರಿದವರನ್ನು ನಾನು ನೋಡಿಲ್ಲ.

ಆ ಕಾಲಕ್ಕೆ ಜರ್ಮನಿಯಲ್ಲಿ 100 ಪಿಎಸ್ ದಾಟುವುದು ಬೇಡ ಅಂತ ತಯಾರಕರೇ ತಮ್ಮೊಳಗೆ ಒಪ್ಪಿಕೊಂಡಿದ್ದ ಮಿತಿ ಇತ್ತು. ವೇಗಮಿತಿಯೇ ಇಲ್ಲದ ಹೆದ್ದಾರಿ ಇಟ್ಟುಕೊಂಡ ದೇಶದಲ್ಲಿ! ಬಿಎಂಡಬ್ಲ್ಯೂ ಆ ಗೆರೆ ದಾಟಿದ್ದು 90ರ ದಶಕದ ಕೊನೆಗೆ ಕೆ1200ಆರ್‌ಎಸ್‌ನಲ್ಲಿ, 130 ಪಿಎಸ್‌ನೊಂದಿಗೆ. ಫ್ರಾನ್ಸಿನಲ್ಲಂತೂ ಕಾನೂನೇ ಇತ್ತು, 106 ಪಿಎಸ್ ಮೇಲೆ ಇಲ್ಲ ಅಂತ. ಅದನ್ನು ತೆಗೆದದ್ದು 2016ರಲ್ಲಿ. ಅಲ್ಲಿಯ ತನಕ ಫ್ರಾನ್ಸಿನ ಟೂರಿಂಗ್ ಸವಾರರು ಮನೆಯಲ್ಲಿ ಕೂತಿರಲಿಲ್ಲ.

2001ರಲ್ಲಿ ಯಮಾಹಾ ಎಫ್‌ಜೆಆರ್1300 ಬಂದ ಮೇಲೆ ಸಂಖ್ಯೆಗಳ ಪೈಪೋಟಿ ಜೋರಾಯಿತು. ತಮಾಷೆ ಏನೆಂದರೆ, 140 ಪಿಎಸ್‌ಗೆ ಮೇಲಿದ್ದ ಆ ಗಾಡಿಗೆ ಇದ್ದದ್ದು ಐದೇ ಗೇರು. ಆರನೆಯದು ಬಂದದ್ದು 2016ರ ಮಾಡೆಲ್‌ನಲ್ಲಿ. ಕೆಳಗಿನಿಂದಲೇ ಎಳೆಯುವ ಎಂಜಿನ್ನಿಗೆ ಹದಿನೈದು ವರ್ಷ ಐದೇ ಗೇರು ಸಾಕಾಯಿತು ಅನ್ನುವುದರಲ್ಲೇ ಸ್ಪ್ಯಾನರ್ ಹೇಳಿದ ಮಾತಿಗೆ ಸಾಕ್ಷಿ ಇದೆ.

ಫುಲ್‌ಥ್ರಾಟಲ್

ಅಣ್ಣಾ, 1976ರಲ್ಲಿ ಎಬಿಎಸ್ ಕೂಡ ಇರಲಿಲ್ಲ. ಹಾಗಂತ ಈಗ ಎಬಿಎಸ್ ಬೇಡ ಅನ್ನುತ್ತೀರಾ? ಆಗ ಸಾಕಾಗಿತ್ತು ಅನ್ನುವುದು ವಾದವೇ ಅಲ್ಲ.

ಹಳೇವಿ4

ಇದು ಒಪ್ಪತಕ್ಕ ಮಾತು. ನಾನು ಹೇಳಿದ್ದು ಆಗಿನ ಕಾಲ ಚೆನ್ನಾಗಿತ್ತು ಅಂತಲ್ಲ. ಟ್ರಕ್ಕುಗಳ ಉದ್ದ, ಮನುಷ್ಯರ ತೂಕ, ರಸ್ತೆಯ ವೇಗಮಿತಿ ಎರಡು ಪಟ್ಟಾಗಿಲ್ಲ. ಪಿಎಸ್ ಮಾತ್ರ ಎರಡು ಪಟ್ಟಾಗಿದೆ.

ಗುಡ್ಡದಮೇಲೆ

ಎಲ್ಲರೂ ಒಂದು ವಿಷಯ ಬಿಟ್ಟಿರಿ: ಎತ್ತರ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಕಾಲುಭಾಗ ಕಮ್ಮಿ. ಟರ್ಬೋ ಅಥವಾ ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನಿನ ಪವರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. 68 ಪಿಎಸ್ ಗಾಡಿ ಅಲ್ಲಿ 50ರ ಗಾಡಿ. 100ರದು 75.

ಗಾಳಿಯ ತಡೆಯೂ ಅಷ್ಟೇ ಕಮ್ಮಿಯಾಗುತ್ತದೆ, ಹಾಗಾಗಿ ಸಮತಟ್ಟಿನಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಏರಿಗೆ ರಿಯಾಯಿತಿ ಇಲ್ಲ. 450 ಕಿಲೋ ಮೇಲಕ್ಕೆ ಎತ್ತುವ ಕೆಲಸ ಎಲ್ಲಿದ್ದರೂ ಅಷ್ಟೇ. ಎತ್ತರದ ಕಣಿವೆ ರಸ್ತೆಗಳಲ್ಲಿ ಇಬ್ಬರು ಕೂತು ಜಾಸ್ತಿ ಓಡಿಸುವವರಿಗೆ ಸ್ಪ್ಯಾನರ್ ಲೆಕ್ಕದ ಮೇಲೆ ಇನ್ನೊಂದು 30 ಪಿಎಸ್ ಸೇರಿಸಿ ಅನ್ನುತ್ತೇನೆ. ಇದು ಆಡಂಬರ ಅಲ್ಲ.

ಅಲ್ಲಿ ಬೇಕಾಗುವ ಇನ್ನೊಂದು ಅಂದರೆ ತೀರಾ ಕೆಳಗಿನ ಆರ್‌ಪಿಎಂನಲ್ಲಿ ಕೆಮ್ಮದೆ ಎಳೆಯುವ ಎಂಜಿನ್. ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಇಬ್ಬರನ್ನು ಹೊತ್ತು ಹೊರಡುವಾಗ ಎಂಜಿನ್ ಆಫ್ ಆದರೆ 300 ಕಿಲೋ ಗಾಡಿ ಯಾವ ಕಡೆ ಬೀಳುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಅಲ್ಲಿ 150 ಪಿಎಸ್ ಯಾವ ಸಹಾಯಕ್ಕೂ ಬರುವುದಿಲ್ಲ. ಕ್ಲಚ್ ಹದವಾಗಿದ್ದರೆ ಸಾಕು.

ದೂರದಾರಿ

ನಾವು ಹೋಗುವುದು ಜಾಸ್ತಿ ಅಂಥ ಕಡೆಗೇ. ಹಾಗಾದರೆ 100ರ ಮೇಲೆ ನೋಡಬೇಕು ಅನ್ನಿ.

ಕಣ್ಣಿಟ್ಟಿರುವುದು ಮೂರು. ಹೋಂಡಾ ಎನ್‌ಟಿ1100: 102 ಪಿಎಸ್, 104 ನ್ಯೂಟನ್ ಮೀಟರ್. ಯಮಾಹಾ ಟ್ರೇಸರ್ 9 ಜಿಟಿ: 119 ಪಿಎಸ್, 93 ನ್ಯೂಟನ್ ಮೀಟರ್. ಸುಜುಕಿ ಜಿಎಸ್‌ಎಕ್ಸ್-ಎಸ್1000ಜಿಟಿ: 152 ಪಿಎಸ್, 106 ನ್ಯೂಟನ್ ಮೀಟರ್. ಟಾರ್ಕ್ ನೋಡಿದರೆ ಮೊದಲನೆಯದೂ ಕೊನೆಯದೂ ಒಂದೇ. ಹಾಗಾದರೆ ಆ 50 ಪಿಎಸ್ ವ್ಯತ್ಯಾಸ ನನಗೆ ರಸ್ತೆಯಲ್ಲಿ ಸಿಗುವುದೇ ಇಲ್ಲವಾ?

ಸ್ಪ್ಯಾನರ್

ಸಿಗುತ್ತದೆ, ಎಲ್ಲಿ ಅನ್ನುವುದು ಮುಖ್ಯ. ಹೋಂಡಾ ತನ್ನ ಗರಿಷ್ಠ ಪವರ್ ಕೊಡುವುದು 7,500 ಆರ್‌ಪಿಎಂನಲ್ಲಿ. ಸುಜುಕಿ 11,000ದಲ್ಲಿ. ಅದರ ಗರಿಷ್ಠ ಟಾರ್ಕ್ ಕೂಡ 9,250ರಲ್ಲಿ. ಇಬ್ಬರು ಕೂತು, ಡಬ್ಬಿ ತುಂಬಿಕೊಂಡು ನೀವು ಎಷ್ಟು ಸಲ 9,000 ಮುಟ್ಟುತ್ತೀರಿ? ನಿಮ್ಮ 650ಯನ್ನೇ 6,000 ದಾಟಿಸಲು ಹಿಂದೆಮುಂದೆ ನೋಡುತ್ತೀರಿ.

ಆದರೆ ಟಾರ್ಕ್ ಸಂಖ್ಯೆಯನ್ನು ಒಂದೇ ನೋಡಿ ತೀರ್ಮಾನ ಮಾಡುವುದೂ ತಪ್ಪು. ಇಲ್ಲಿ ಬಹಳ ಜನ ಎಡವುತ್ತಾರೆ. ಜಾಸ್ತಿ ತಿರುಗುವ ಎಂಜಿನ್ನಿಗೆ ಗೇರಿಂಗ್ ಕೂಡ ಗಿಡ್ಡವಾಗಿರುತ್ತದೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಜಾಸ್ತಿ ಸುತ್ತು ತಿರುಗುತ್ತದೆ. ಒಂದು ಗಾಡಿ ಟಾಪ್ ಗೇರಿನಲ್ಲಿ 100ಕ್ಕೆ 4,000 ತಿರುಗುತ್ತದೆ, ಅಲ್ಲಿ 90 ನ್ಯೂಟನ್ ಮೀಟರ್ ಕೊಡುತ್ತದೆ ಅಂದುಕೊಳ್ಳಿ. ಪವರ್ 51 ಪಿಎಸ್. ಇನ್ನೊಂದು ಅದೇ ವೇಗಕ್ಕೆ 5,000 ತಿರುಗುತ್ತದೆ, 75 ನ್ಯೂಟನ್ ಮೀಟರ್ ಅಷ್ಟೇ ಕೊಡುತ್ತದೆ. ಅದರ ಪವರ್ 53 ಪಿಎಸ್. ಬ್ರೋಷರ್ ಓದಿದವರು ಮೊದಲನೆಯದಕ್ಕೆ ಟಾರ್ಕ್ ಜಾಸ್ತಿ, ಅದೇ ಚೆನ್ನಾಗಿ ಎಳೆಯುತ್ತದೆ ಅನ್ನುತ್ತಾರೆ. ಹಿಂದಿನ ಚಕ್ರಕ್ಕೆ ಎರಡೂ ಒಂದೇ. ವ್ಯತ್ಯಾಸ ಶಬ್ದದಲ್ಲಿ, ವೈಬ್ರೇಷನ್‌ನಲ್ಲಿ, ಪೆಟ್ರೋಲಿನಲ್ಲಿ ಗೊತ್ತಾಗುತ್ತದೆ.

ಹಾಗಾಗಿ ಡೈನೋ ಗ್ರಾಫ್ (ಯಾವ ಆರ್‌ಪಿಎಂಗೆ ಎಷ್ಟು ಪವರ್ ಅಂತ ಮೆಷಿನ್ನಿನಲ್ಲಿ ಅಳೆದ ನಕ್ಷೆ) ಸಿಕ್ಕರೆ ಪವರ್ ಗೆರೆಯ ತುದಿ ನೋಡಬೇಡಿ. ಟಾಪ್ ಗೇರಿನಲ್ಲಿ 90, 100ರ ಹತ್ತಿರ ಎಷ್ಟು ಆರ್‌ಪಿಎಂ ಬರುತ್ತದೆ ಅಂತ ತಿಳಿದುಕೊಂಡು, ಗ್ರಾಫಿನಲ್ಲಿ ಆ ಜಾಗಕ್ಕೆ ಬೆರಳಿಡಿ.

ಪ್ಯಾನಿಯರ್‌ಪ್ರಿಯ

ತೂಕದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಪೆಟ್ರೋಲ್ ತುಂಬಿದ ಗಾಡಿಯ ತೂಕಕ್ಕೆ ಇಬ್ಬರು ಸವಾರರು ಮತ್ತು ಲಗೇಜಿಗೆ 200 ಕಿಲೋ ಸೇರಿಸಿ, ಪವರಿನಿಂದ ಭಾಗಿಸಿ ನೋಡಿ.

ಕೆ1600 ಜಿಟಿ: ಸುಮಾರು 343 ಕಿಲೋ, 160 ಪಿಎಸ್. ಒಂದು ಪಿಎಸ್‌ಗೆ 3.4 ಕಿಲೋ.
ಆರ್1250 ಆರ್‌ಟಿ: 279 ಕಿಲೋ, 136 ಪಿಎಸ್. 3.5 ಕಿಲೋ.
ಟ್ರೇಸರ್ 9 ಜಿಟಿ: 220 ಕಿಲೋ, 119 ಪಿಎಸ್. ಇದೂ 3.5 ಕಿಲೋ!
ಎನ್‌ಟಿ1100: 238 ಕಿಲೋ, 102 ಪಿಎಸ್. 4.3 ಕಿಲೋ.

ನೋಡಿದಿರಾ? 160 ಪಿಎಸ್ ಇರುವ ಆರು ಸಿಲಿಂಡರಿನ ಗಾಡಿಯೂ 119ರ ಮೂರು ಸಿಲಿಂಡರೂ ಹೆಚ್ಚುಕಮ್ಮಿ ಒಂದೇ. ದೊಡ್ಡ ಗಾಡಿ ತನ್ನ ಜಾಸ್ತಿ ಪವರಿನ ಒಂದು ಪಾಲನ್ನು ತನ್ನನ್ನು ತಾನು ಎಳೆಯಲಿಕ್ಕೇ ಬಳಸುತ್ತದೆ. ಬ್ರೇಕ್ ಹಾಕುವಾಗ, ತಿರುವಿನಲ್ಲಿ, ಜಲ್ಲಿಕಲ್ಲಿನ ಮೇಲೆ ಪಾರ್ಕ್ ಮಾಡಿ ಹಿಂದಕ್ಕೆ ತಳ್ಳುವಾಗ ಆ 120 ಕಿಲೋ ವ್ಯತ್ಯಾಸ ನಿಮ್ಮ ಕೈಗೆ, ಸೊಂಟಕ್ಕೆ ಬೀಳುತ್ತದೆ. ಪವರ್ ಅಲ್ಲಿ ಸಹಾಯಕ್ಕೆ ಬರುವುದಿಲ್ಲ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಗಾಡಿಯ ಕಾಗದದಲ್ಲಿ ಗರಿಷ್ಠ ಒಟ್ಟು ತೂಕ ಅಂತ ಇರುತ್ತದೆ. ಅದರಿಂದ ಗಾಡಿಯ ತೂಕ ಕಳೆಯಿರಿ. ಬಂದದ್ದರಲ್ಲಿ ನೀವಿಬ್ಬರೂ, ಹೆಲ್ಮೆಟ್ಟು, ಜಾಕೆಟ್ಟು, ಬೂಟು, ಡಬ್ಬಿಗಳು, ಸಾಮಾನು ಎಲ್ಲಾ ಹಿಡಿಸಬೇಕು. ಕೆಲವು ಪವರ್‌ಫುಲ್ ಗಾಡಿಗಳಲ್ಲಿ ಇಬ್ಬರು ದೊಡ್ಡ ಆಳುಗಳು ಕೂತರೆ ಲಗೇಜಿಗೆ ಜಾಗವೇ ಉಳಿಯುವುದಿಲ್ಲ. 150 ಪಿಎಸ್ ಇದ್ದೂ ಎರಡು ಬಟ್ಟೆ ಹೆಚ್ಚಿಗೆ ಹಾಕಿಕೊಳ್ಳಲಾಗದ ಟೂರಿಂಗ್ ಬೈಕು ಯಾವ ಸೀಮೆ ಟೂರಿಂಗ್ ಬೈಕು?

ದೂರದಾರಿ

ಈಗಲೇ ಹೋಗಿ ನನ್ನ ಗಾಡಿಯ ಕಾಗದ ತೆಗೆದು ನೋಡುತ್ತೇನೆ.

ಫುಲ್‌ಥ್ರಾಟಲ್

ಸರಿಯಪ್ಪಾ, ಎಲ್ಲರೂ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೀರಿ. ನನ್ನದೊಂದೇ ಪ್ರಶ್ನೆ. ಹೆಸರಿನಲ್ಲಿ "ಟೂರಿಂಗ್"ಗಿಂತ ಮುಂಚೆ "ಸ್ಪೋರ್ಟ್" ಅಂತ ಇದೆ. ಖಾಲಿ ರಸ್ತೆ, ಒಣ ಡಾಂಬರು, ಒಬ್ಬನೇ ಇದ್ದೇನೆ. ಮೂರನೇ ಗೇರಿನಲ್ಲಿ ನಾಲ್ಕು ಸಿಲಿಂಡರ್ 8,000 ದಾಟಿದ ಮೇಲೆ ಬರುವ ಆ ಎಳೆತ, ಆ ಸದ್ದು... ಇದು ನಿಮ್ಮ ಯಾವ ಲೆಕ್ಕದಲ್ಲಿ ಬರುತ್ತದೆ?

ಸ್ಪ್ಯಾನರ್

ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅದು ಖುಷಿ. ಖುಷಿಗೆ ತಗೊಳ್ಳುತ್ತೇನೆ ಅಂದರೆ ನನ್ನ ತಕರಾರು ಏನೂ ಇಲ್ಲ, ನಾನೂ ಅಂಥದ್ದೊಂದು ಇಟ್ಟಿದ್ದೇನೆ. ಓವರ್‌ಟೇಕ್ ಸೇಫ್ಟಿಗೆ 150 ಪಿಎಸ್ ಬೇಕೇ ಬೇಕು ಅಂದಾಗ ಮಾತ್ರ ನಾನು ಕ್ಯಾಲ್ಕುಲೇಟರ್ ತೆಗೆಯುತ್ತೇನೆ.

ವೇಗಮಿತಿ ಇಲ್ಲದ ರಸ್ತೆಯಲ್ಲಿ 200ರಲ್ಲಿ ಗಂಟೆಗಟ್ಟಲೆ ಓಡಿಸುವವರಿಗೂ ನನ್ನ ವಿರೋಧ ಇಲ್ಲ. ಅಲ್ಲಿ ಸುಮ್ಮನೆ ಆ ವೇಗ ಹಿಡಿದಿಡಲೇ 85 ಪಿಎಸ್ ಬೇಕು, ಇನ್ನೂ ಏರಿಸಲು 130, 150 ಇದ್ದರೇ ಸರಿ. ಟೈರ್ ಮತ್ತು ಪೆಟ್ರೋಲ್ ಬಿಲ್ ನೋಡಿಕೊಂಡರಾಯಿತು.

ಹಿಂದಿನಸೀಟು

ಫುಲ್‌ಥ್ರಾಟಲ್ ಅವರೇ, "ಒಬ್ಬನೇ ಇದ್ದೇನೆ" ಅಂತ ನೀವೇ ಬರೆದಿದ್ದೀರಿ, ಗಮನಿಸಿ 😄

ಫುಲ್‌ಥ್ರಾಟಲ್

ಮೇಡಂ, ಅದು ಯೋಚನೆ ಮಾಡಿಯೇ ಬರೆದದ್ದು. ಮನೆಯವರು ಒಂದು ಸಲ ಕೂತು ಇಳಿದವರು ಮತ್ತೆ ಹತ್ತಿಲ್ಲ.

ತಮಾಷೆ ಬಿಡಿ, ನನ್ನ ಗಾಡಿಯಲ್ಲಿ ಪವರ್ ಮೋಡ್ ಇದೆ. ಮಳೆ ಮೋಡ್ ಹಾಕಿದರೆ ಥ್ರಾಟಲ್ ಮೆತ್ತಗಾಗುತ್ತದೆ, ಪವರ್ ಇಳಿಯುತ್ತದೆ. 150 ಇರುವುದನ್ನು 100 ಮಾಡಿಕೊಳ್ಳಬಹುದು. 100 ಇರುವುದನ್ನು 150 ಮಾಡಲಾಗುವುದಿಲ್ಲ. ಇದಕ್ಕೇನು ಹೇಳುತ್ತೀರಿ?

ಪ್ಯಾನಿಯರ್‌ಪ್ರಿಯ

ಪವರ್ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ನಾಲ್ಕು ಸಿಲಿಂಡರಿನ ಬಿಸಿ ಮೊಣಕಾಲಿಗೆ ಹೊಡೆಯುವುದೂ ಇಳಿಯುವುದಿಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ಶುರುವಾದ ಮೇಲೆ ಗೊತ್ತಾಗುತ್ತದೆ ಮಳೆ ಮೋಡಿನ ಮಹಿಮೆ.

ಆದರೂ ಎಲೆಕ್ಟ್ರಾನಿಕ್ಸ್ ಬಗ್ಗೆ ನಿಮ್ಮ ಮಾತಿನಲ್ಲಿ ಸತ್ಯ ಇದೆ. ಕಾರ್ನರಿಂಗ್ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಇರುವ 150, ಅವೇನೂ ಇಲ್ಲದ ಹಳೆಯ 100ಕ್ಕಿಂತ ಒದ್ದೆ ರಸ್ತೆಯಲ್ಲಿ ಸಲೀಸು.

ದೂರದಾರಿ

ಎಲ್ಲರಿಗೂ ಥ್ಯಾಂಕ್ಸ್. ಕಾಗದ ನೋಡಿದೆ. ನಾವಿಬ್ಬರೂ ಡ್ರೆಸ್ ಸಮೇತ ತೂಕದ ಮೆಷಿನ್ ಹತ್ತಿದೆವು. ಮೂರು ಡಬ್ಬಿ ಹಾಕಿದರೆ ಮಿತಿಗೆ ಅಂಟಿಕೊಂಡೇ ಇದ್ದೇವೆ. ಗಾಡಿ ಬದಲಾಯಿಸುವುದಂತೂ ಸರಿ ಅನ್ನಿಸುತ್ತಿದೆ, ಆದರೆ ಕಾರಣ ಬೇರೆಯಾಯಿತು! ಪಿಎಸ್ ಹುಡುಕಿಕೊಂಡು ಬಂದವನಿಗೆ ಸಿಕ್ಕಿದ್ದು ಕಿಲೋ.

ಟೆಸ್ಟ್ ರೈಡ್‌ಗೆ ಇಬ್ಬರೂ ಹೋಗುತ್ತೇವೆ. ಏನು ನೋಡಬೇಕು?

ಸ್ಪ್ಯಾನರ್

ಮೊದಲು ನಿಮ್ಮ ಈಗಿನ ಗಾಡಿಯಲ್ಲೇ ಮಾಡಿ, ಹೋಲಿಸಲು ಏನಾದರೂ ಬೇಕಲ್ಲ. ಖಾಲಿ ನೇರ ರಸ್ತೆ, ಇಬ್ಬರೂ ಕೂತು. ಟಾಪ್ ಗೇರಿನಲ್ಲಿ 80ಕ್ಕೆ ನಿಲ್ಲಿಸಿ, ಪೂರ್ತಿ ಥ್ರಾಟಲ್ ಕೊಟ್ಟು 110 ಮುಟ್ಟುವ ತನಕ ಹಿಂದಿನವರು ಸೆಕೆಂಡ್ ಎಣಿಸಲಿ. ಆಮೇಲೆ ಎರಡು ಗೇರ್ ಇಳಿಸಿ, ಅಂದರೆ ನಾಲ್ಕನೇ ಗೇರಿನಲ್ಲಿ, ಅದೇ ರೀತಿ. ಆಮೇಲೆ ಮೂರನೇ ಗೇರಿನಲ್ಲಿ. ಹೊಸ ಗಾಡಿಯಲ್ಲೂ ಇದನ್ನೇ ಮಾಡಿ. ಹೊಸ ಗಾಡಿ ಟಾಪ್ ಗೇರಿನಲ್ಲಿ ತಗೊಳ್ಳುವ ಸಮಯ ನಿಮ್ಮ ಗಾಡಿ ನಾಲ್ಕನೇ ಗೇರಿನಲ್ಲಿ ತಗೊಳ್ಳುವುದಕ್ಕೆ ಸಮ ಇದ್ದರೆ ನಿಮಗೆ ಬೇಕಾದದ್ದು ಸಿಕ್ಕಿತು. ಅದರ ಪಿಎಸ್ ಎಷ್ಟೇ ಇರಲಿ.

ಆ ಹೊತ್ತಿಗೆ ಹಿಂದಿನ ಸಸ್ಪೆನ್ಷನ್ನಿನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಸೆಟ್ಟಿಂಗ್) ಇಬ್ಬರಿಗೆ ಸರಿಯಾಗಿ ಏರಿಸಿರಬೇಕು. ಶೋರೂಮಿನವರು ಒಬ್ಬರಿಗೆ ಇಟ್ಟಿರುತ್ತಾರೆ. ಹಾಗೇ ಓಡಿಸಿದರೆ ಹಿಂಭಾಗ ಕುಸಿದು, ಮುಂಭಾಗ ಹಗುರಾಗಿ, ಗಾಡಿಯೇ ಸರಿ ಇಲ್ಲ ಅನ್ನಿಸುತ್ತದೆ.

ಗುಡ್ಡದಮೇಲೆ

ಗಾಡಿ ಬದಲಾಯಿಸಲು ಇನ್ನೂ ಸಮಯ ಇದ್ದರೆ ಅಲ್ಲಿಯ ತನಕ ಮುಂದಿನ ಸ್ಪ್ರಾಕೆಟ್ (ಚೈನು ಎಳೆಯುವ ಹಲ್ಲಿನ ಚಕ್ರ) 15 ಹಲ್ಲಿನದಿದ್ದರೆ 14 ಹಾಕಿ ನೋಡಿ. ಎಲ್ಲಾ ಗೇರೂ ಏಳು ಪರ್ಸೆಂಟ್ ಗಿಡ್ಡವಾಗುತ್ತವೆ. ಏರಿನಲ್ಲಿ ವ್ಯತ್ಯಾಸ ತಿಳಿಯುತ್ತದೆ. ಟಾಪ್ ಸ್ಪೀಡ್ ಹೇಗೂ ನಿಮಗೆ ಬೇಕಿಲ್ಲ. ತೂಕದ ಮಿತಿ ಮಾತ್ರ ಹಾಗೇ ಇರುತ್ತದೆ, ಟಾಪ್ ಬಾಕ್ಸ್ ಖಾಲಿ ಮಾಡಿ.

ದೂರದಾರಿ

ಸ್ಪ್ರಾಕೆಟ್ ಬದಲಾಯಿಸಿದರೆ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲವಾ? ಹಾಗಾದರೆ 80, 110 ಅಂತ ಎಣಿಸುವುದು ಹೇಗೆ?

ಸ್ಪ್ಯಾನರ್

ಸೆನ್ಸರ್ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಚಕ್ರದ ಹತ್ತಿರ ಇದ್ದರೆ ಏನೂ ಬದಲಾಗುವುದಿಲ್ಲ. ಗೇರ್‌ಬಾಕ್ಸಿನಲ್ಲಿದ್ದರೆ ಏಳು ಪರ್ಸೆಂಟ್ ಜಾಸ್ತಿ ತೋರಿಸುತ್ತದೆ. ಮಾಮೂಲಿಯಾಗಿಯೇ ಬೈಕ್ ಸ್ಪೀಡೋಮೀಟರ್‌ಗಳು ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತವೆ, ಒಂದೊಂದು ಗಾಡಿಯದು ಒಂದೊಂದು ಥರ. ಎರಡು ಗಾಡಿ ಹೋಲಿಸುವಾಗ ಫೋನಿನ ಜಿಪಿಎಸ್ ವೇಗ ನೋಡಿ. ಫೋನ್ ಹಿಂದೆ ಕೂತವರ ಕೈಯಲ್ಲಿರಲಿ, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ.